ಕಿವಿಗೂ ದಕ್ಕಬೇಕಾದ ಕನ್ನಡ

ಬೆಂಗಳೂರಿನ ಅಂಧರ ಸಂಸ್ಥೆಯೊಂದರಲ್ಲಿ, ಗಣಕದ ಪರದೆಯನ್ನೇ ಆರಿಸಿಟ್ಟು ಕೆಲಸ ಮಾಡುತ್ತಿದ್ದ ತರುಣಿಯೊಬ್ಬರು ಹಳೆಯ ಕಡತವೊಂದನ್ನು ತೆರೆದು, "ಇದು ಯಾವ ಪದ, ಕೇಳಿ ಹೇಳಿ ಸರ್" ಎಂದು ಬಾಣದ ಕೀಲಿಯನ್ನು ಮೆಲ್ಲಮೆಲ್ಲನೆ ಒತ್ತತೊಡಗಿದಾಗ, ಯಂತ್ರವು 'ಪಿ' ಎಂದಿತು. ಅನಂತರ 'ಎ', ಪೌಂಡಿನ ಚಿಹ್ನೆ, ಪುನಃ 'ಎ', ಜರ್ಮನರ ಲಿಪಿಯದೊಂದು ಅಕ್ಷರ, 'ಕ್ಯು', ಮತ್ತೆ 'ಎ'. ನನಗೆ ಏನೂ ಹೊಳೆಯಲಿಲ್ಲ. ಪರದೆ ಬೆಳಗಿದೊಡನೆ ಸುಸ್ಪಷ್ಟವಾಗಿ ಕಂಡದ್ದು 'ಕನ್ನಡ' ಎಂಬ ಪದ.

ಯೂನಿಕೋಡ್ ಬಳಕೆಗೆ ಬರುವ ಮುನ್ನ ರೂಢಿಯಲ್ಲಿದ್ದ 'ನುಡಿ'ಯಂಥ ಫಾಂಟುಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಅವಯವಗಳನ್ನು ಕೂಡಿಸಿದ್ದವು: ಅಕ್ಷರದ ಒಡಲಿಗೊಂದು ಸಂಕೇತ, ತಲೆಕಟ್ಟಿಗೊಂದು, ಒತ್ತಿಗೊಂದು; ಹೀಗಾಗಿ ಮೂರಕ್ಷರದ ಪದ ಏಳು ಸಂಕೇತಗಳಾಗಿ ಒಡೆದಿರುತ್ತದೆ. ಕಣ್ಣಿಗೆ ಬೇಕಾದದ್ದು ಆಕೃತಿ, ಪರದೆಯ ಬರಹವನ್ನು ಓದಿಹೇಳುವ ಸ್ಕ್ರೀನ್ ರೀಡರಿಗೆ ಸಿಗುವುದು ಸಂಕೇತ ಮಾತ್ರ. ಇದನ್ನು ಯೂನಿಕೋಡಿಗೆ ತರುವ ಪರಿವರ್ತಕ ತಂತ್ರಾಂಶಗಳುಂಟು, ನಿಜ. ಆದರೆ 'ಕರ್ನಾಟಕ'ದ ಅರ್ಕಾವೊತ್ತು ಇಂಥ ಕಡತದಲ್ಲಿ 'ನಾ' ಆದಮೇಲೆ ಬರುವುದರಿಂದ ಅದನ್ನು ಹಿಂದಕ್ಕೆ ಸರಿಸಬೇಕು, ನಡುವೆ ನುಸುಳಿದ ಇಂಗ್ಲಿಷ್ ಪದಗಳು ಅರ್ಥಹೀನ ಕನ್ನಡವಾಗದಂತೆ ಕಾಯಬೇಕು. ಈ ಶೋಧನಕಾರ್ಯವನ್ನು ಆಕೆ ಪುಟಪುಟವಾಗಿ, ಕಿವಿಯಿಂದಲೇ, ನಾನು ಅನುಸರಿಸಲಾಗದ ವೇಗದಲ್ಲಿ ನಡೆಸುತ್ತಾರೆ. ಇದನ್ನು ನಾನು ವಿದ್ವತ್ಕಾರ್ಯವೆಂದೇ ಗಣಿಸುತ್ತೇನೆ.

ಅಂಧರ ಓದಿನ ಉಳಿದ ಚರಿತ್ರೆ ಬಹುಮಟ್ಟಿಗೆ ಜಯದ ಚರಿತ್ರೆ. ಸ್ವತಃ ದೃಷ್ಟಿಹೀನರಾದ ಮಧು ಸಿಂಘಾಲ್ 1990ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಮಿತ್ರಜ್ಯೋತಿ ಸಂಸ್ಥೆಯು ಮಾತಾಡುವ ಪುಸ್ತಕಗಳ ಭಂಡಾರವನ್ನು ಬೆಳೆಸಿತು. 2006ರಲ್ಲಿ ಆಸ್ಟ್ರೇಲಿಯದ ಅಂಧ ತರುಣ ಮೈಕೆಲ್ ಕರ್ರನ್ ಆರಂಭಿಸಿದ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರು, ದುಬಾರಿ ತಂತ್ರಾಂಶ ಕೊಳ್ಳಲಾರದವರ ಕೈಗೂ ಗಣಕವನ್ನಿತ್ತಿತು. 2012ರ ಕೃತಿಸ್ವಾಮ್ಯ ತಿದ್ದುಪಡಿಯು ಅಂಗವಿಕಲರಿಗಾಗಿ ಗ್ರಂಥಗಳನ್ನು ಸುಗಮರೂಪಕ್ಕೆ ತರಲು ಅವಕಾಶ ಕಲ್ಪಿಸಿತು. ಅಂಥ ಗ್ರಂಥಗಳು ದೇಶದೇಶಗಳ ಅಂಧರಿಗೆ ದೊರೆಯಲೆಂದು ಆದ 2013ರ ಮರ‍್ರಾಕೇಶ್ ಒಪ್ಪಂದವನ್ನು ಮರುವರ್ಷವೇ ಮೊತ್ತಮೊದಲು ಸ್ಥಿರೀಕರಿಸಿದ ದೇಶ ಭಾರತ. 2016ರಲ್ಲಿ ತೆರೆದ 'ಸುಗಮ್ಯ ಪುಸ್ತಕಾಲಯ' ಎಂಬ ಅಂತರಜಾಲ ಗ್ರಂಥಾಲಯದ ಮೂಲಕ ಮಿತ್ರಜ್ಯೋತಿಯಂಥ ಸಂಸ್ಥೆಗಳು ಸಿದ್ಧಪಡಿಸಿದ ಗ್ರಂಥಗಳನ್ನು ದೇಶದ ಯಾವ ಮೂಲೆಯ ಅಂಧ ಓದುಗನೂ ಪಡೆಯಬಹುದು.

ಇಷ್ಟೆಲ್ಲ ಇದ್ದೂ, ಅಚ್ಚಾದ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಯಂತ್ರ ತಪ್ಪಾಗಿ ಗುರುತಿಸಿದ ಒತ್ತಕ್ಷರಗಳನ್ನು ತಿದ್ದುವುದರಲ್ಲಿಯೇ ಸ್ವಯಂಸೇವಕರ ಸಂಜೆಗಳು ಸವೆಯುತ್ತಿರುವುದು ನನಗೆ ಅಸಹನೀಯವೆನಿಸಿತು, ಏಕೆಂದರೆ ಆ ಪುಸ್ತಕದ ಮೂಲಕಡತ ಪ್ರಕಾಶಕರ ಗಣಕದಲ್ಲಿಯೇ ಇರುತ್ತದೆ. ಆ ತರುಣಿಯ ಬೇಡಿಕೆಯೂ ಅಷ್ಟೆ: "ಕಡತ ಕಳಿಸಿ ಅನ್ನಿ ಸರ್. ಯೂನಿಕೋಡಿನಲ್ಲಿದ್ದರೆ ಒಳ್ಳೆಯದು, ನುಡಿಯಲ್ಲಿದ್ದರೂ ಕಳಿಸಲಿ, ನಾವು ತಿದ್ದಿಕೊಳ್ಳುತ್ತೇವೆ."