ಲೇಹ್‌ನ ಕೊರೆಯುವ ಚಳಿಯಲ್ಲೂ ತಾಜಾ ಸೊಪ್ಪು!

ಹೊರಗೆ ಮೈನಸ್ 20 ಡಿಗ್ರಿ ಚಳಿ. ಒಳಗೆ ನಳನಳಿಸೋ ಪಾಲಕ್! ಹೇಗೆ ಸಾಧ್ಯ?

ಇದು ಲಡಾಖ್‌ನ ಲೇಹ್. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರ. ಇಡೀ ವರ್ಷಕ್ಕೆ ಮಳೆ, ಹಿಮ ಸೇರಿ ಬೀಳೋದು ಹತ್ತಿರಹತ್ತಿರ 100 ಮಿಲಿಮೀಟರ್. ಆದರೆ ಬಿಸಿಲಿಗೆ ಬರವಿಲ್ಲ. ಆ ಬಿಸಿಲನ್ನೇ ಇಲ್ಲಿನ ಜನ ಹಿಡಿದಿಡ್ತಾರೆ.

ಸೊಪ್ಪು ಬೆಳೆಯೋಕೆ ಮನೆ ಹತ್ತಿರ, ನೆರಳು ಬೀಳದ ಕಡೆ ಸುಮಾರು 3 ಅಡಿ ಆಳದ ಗುಂಡಿ ತೋಡ್ತಾರೆ. ಅಡ್ಡಡ್ಡ ಮರದ ಗಳು ಇಟ್ಟು, ಮೇಲೆ ಪಾಲಿಥೀನ್ ಹಾಳೆ ಬಿಗೀತಾರೆ. ಹಗಲಲ್ಲಿ ಮಣ್ಣು ಬಿಸಿ ಹೀರಿಕೊಳ್ಳುತ್ತೆ, ರಾತ್ರಿ ನಿಧಾನವಾಗಿ ಬಿಡುತ್ತೆ. ಸಂಜೆ ಆಗ್ತಿದ್ದ ಹಾಗೆ ಮೇಲೊಂದು ದಪ್ಪ ಹೊದಿಕೆ, ಬೆಳಿಗ್ಗೆ ಬಿಸಿಲು ಬಂದ ಮೇಲೆ ಅದನ್ನ ತೆಗೀಬೇಕು.

ಮಧ್ಯಾಹ್ನ ಹಾಳೆಯ ಒಂದು ಅಂಚು ಸ್ವಲ್ಪ ಎತ್ತಿ ಗಾಳಿ ಆಡಿಸಿ. ಇಲ್ಲದಿದ್ರೆ ಒಳಗೆ ತೇವ ಕಟ್ಟಿ, ಎಲೆಗೆ ಬೂಷ್ಟು ಹಿಡಿಯುತ್ತೆ. ನೀರು ಹಾಕೋದು ಬಿಸಿಲೇರಿದ ಮೇಲೆ, ಅದೂ ಬುಡಕ್ಕೆ, ಮಿತವಾಗಿ.

ಇಲ್ಲಿನ ಮರಳು ಮಣ್ಣಲ್ಲಿ ನೀರು ನಿಲ್ಲಲ್ಲ. ಅದಕ್ಕೇ ಚೆನ್ನಾಗಿ ಕಳಿತ ಗೊಬ್ಬರ ಧಾರಾಳವಾಗಿ ಸೇರಿಸಬೇಕು. ಬೇಸಿಗೇಲಿ ಹಿಮ ಕರಗಿದ ನೀರು ಕಾಲುವೆಯಲ್ಲಿ ಹೊಲ, ತೋಟಕ್ಕೆ ಬರುತ್ತೆ. ಅದನ್ನ ಸರದಿ ಪ್ರಕಾರ ಹಂಚೋಕೆ ಊರಲ್ಲಿ ‘ಚುರ್ಪೋನ್’ ಇರ್ತಾರೆ.

ಹಿಮದಿಂದ ದಾರಿ ಮುಚ್ಚಿ, ತರಕಾರಿ ದುಬಾರಿಯಾಗೋ ಕಾಲದಲ್ಲಿ ಪಾಲಕ್, ಮೆಂತ್ಯ, ಕೊತ್ತಂಬರಿ ಮನೆಯಲ್ಲೇ ಸಿಗೋದು ದೊಡ್ಡ ಆಸರೆ. ಎಂಥಾ ಒಣ ಬೆಟ್ಟದ ಮೇಲಿದ್ರೂ ಬೀಜ ಹಾಕೋ ಮುಂಚೆ ಮೂರು ನೋಡಿ: ಬಿಸಿಲು ಎಲ್ಲಿ ಬೀಳುತ್ತೆ, ಗಾಳಿ ಎಲ್ಲಿಂದ ಬೀಸುತ್ತೆ, ನೀರು ಎಷ್ಟಿದೆ. ಆಮೇಲೆ ಗುದ್ದಲಿ ಹಿಡೀರಿ!