ನಿಮಗಿದು ಗೊತ್ತೆ? ಧವಳೆಯನ್ನು ಬರೆಸಿದ ದೇಮಿಯಕ್ಕ

ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದ ‘ಧವಳಾ’ ಎಂಬ ಜೈನ ಸಿದ್ಧಾಂತ ಗ್ರಂಥದ ತಾಳೆಗರಿ ಪ್ರತಿಯನ್ನು ಬರೆಸಿದ್ದು ಅರಸುಮನೆತನದ ಹೆಣ್ಣುಮಗಳು. 12ನೇ ಶತಮಾನದ ಮಾತು. ಮಂಡಲಿನಾಡಿನ ಭುಜಬಲಗಂಗ ಪೆರ್ಮಾಡಿಯ ಅತ್ತೆ ದೇಮಿಯಕ್ಕ ಪಂಚಮಿ ನೋಂಪಿಯ (ವ್ರತದ) ಉದ್ಯಾಪನೆಗೆಂದು ಇದನ್ನು ಬರೆಸಿ, ಬನ್ನಿಕೆರೆಯ ಜೈನಗುರು ಶುಭಚಂದ್ರ ಸಿದ್ಧಾಂತದೇವರಿಗೆ ಒಪ್ಪಿಸಿದಳೆಂದು ಗ್ರಂಥದ ಪ್ರಶಸ್ತಿಯೇ ಹೇಳುತ್ತದೆ.

ಮೂಡುಬಿದಿರೆಯ ಸಿದ್ಧಾಂತ ಗ್ರಂಥಗಳ ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ತೀರ್ಥಂಕರರು, ಯಕ್ಷಿಯರು, ಕೈಮುಗಿದ ಭಕ್ತರು, ಎಲ್ಲರೂ ಕೆಲವೇ ಬೆರಳಗಲದ ಗರಿಯೊಳಗೆ! ದಕ್ಷಿಣ ಭಾರತದ ಅತಿ ಹಳೆಯ ಗ್ರಂಥಚಿತ್ರಗಳ ಸಾಲಿಗೆ ಇವು ಸೇರುತ್ತವೆ.

ಬಹುಕಾಲ ಈ ಧವಳಾ ಗ್ರಂಥ ದರ್ಶನಕ್ಕಷ್ಟೇ, ಓದುವುದಕ್ಕಲ್ಲ. 1896ರ ಸುಮಾರಿಗೆ ನಕಲು ಮಾಡುವ ಕೆಲಸ ಶುರುವಾದಾಗಲೂ ಗ್ರಂಥದ ಪ್ರತಿ ಊರು ಬಿಟ್ಟು ಹೋಗಬಾರದೆಂಬ ಕಟ್ಟುನಿಟ್ಟು. ಆದರೆ ನಕಲು ಮಾಡುತ್ತಿದ್ದ ಗಜಪತಿ ಶಾಸ್ತ್ರಿಗಳು ಹೆಂಡತಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಕದ್ದು ಬರೆದದ್ದು ಸರಿಯೋ ತಪ್ಪೋ, ಸಹಾರನ್‌ಪುರ ಸೇರಿದ ಆ ಪ್ರತಿಯಿಂದ ಹಬ್ಬಿದ ನಕಲುಗಳೇ ಮುದ್ರಣಕ್ಕೆ ಆಧಾರವಾದವು. ವಿದ್ವಾಂಸ ಹೀರಾಲಾಲ್ ಜೈನ್ ಅವರು ಮೊದಲ ಸಂಪುಟ ಹೊರತಂದದ್ದು 1939ರಲ್ಲಿ. ಒಟ್ಟು 16 ಸಂಪುಟಗಳಾದವು.