ಹನ್ನೆರಡು ವೋಲ್ಟಿನ ಬೆಳಕು

ಮಕ್ಕಳೇ, ಹೊಸ ಫ್ಲ್ಯಾಟು ಕೊಂಡ ಕೂಡಲೇ ನಿಮಗೆ ಬಾಲ್ಕನಿಯಲ್ಲಿ ಪುಟ್ಟ ತೋಟ ಬೇಕು, ಗಿಡಗಳ ನಡುವೆ ಮಿಣುಕು ದೀಪಗಳೂ ಬೇಕು. ಬೇಡ ಎನ್ನಲು ನಾನ್ಯಾರು? ನಮ್ಮ ತುಳಸಿ ಕುಂಡದ ಪಕ್ಕದಲ್ಲೂ ಒಂದಿದೆ. ಆದರೆ ಆ ದೀಪಕ್ಕೆ ಎಷ್ಟು ವೋಲ್ಟ್ ಹರಿಯುತ್ತಿದೆ ಎಂದು ಎಂದಾದರೂ ವಿಚಾರಿಸಿದ್ದೀರಾ?

ನಾನೂ ವಿಚಾರಿಸಿರಲಿಲ್ಲ. ಒಂದು ದೀಪಾವಳಿಯಲ್ಲಿ ಮುಂಬಯಿಗೆ ಅಕಾಲ ಮಳೆ ಬಂತು. ಗೂಡುದೀಪಕ್ಕೆ ಸುತ್ತಿದ್ದ ಸೀರಿಯಲ್ ಸೆಟ್ ಆರಿಹೋಯಿತೆಂದು ಮಗ ಒದ್ದೆ ನೆಲದಲ್ಲಿ ಬರಿಗಾಲಲ್ಲೇ ನಿಂತು ಕೈಹಾಕಿದ. "ಅಷ್ಟು ಚಿಕ್ಕ ಬಲ್ಬು ಏನು ಮಾಡೀತು?" ಎಂದವಳು ನಾನೇ. ಶಾಕ್ ಹೊಡೆದು ಬಾಗಿಲಿಗೆ ಹೋಗಿ ಬಿದ್ದ. ದೇವರ ದಯೆ, ಉಳಿದ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಬಲ್ಬು ಚಿಕ್ಕದಾದ ಮಾತ್ರಕ್ಕೆ ವೋಲ್ಟೇಜು ಕಡಿಮೆ ಎಂದಲ್ಲ. ಅಂಥ ಸರವನ್ನು ನೇರವಾಗಿ ಗೋಡೆಯ 230 ವೋಲ್ಟಿಗೇ ಸಿಕ್ಕಿಸುತ್ತೇವೆ. ಹತ್ತಾರು ಬಲ್ಬುಗಳು ಅದನ್ನು ಹಂಚಿಕೊಳ್ಳುತ್ತವೆ, ಅಷ್ಟೆ. ಎಲ್ಲಾದರೂ ತಂತಿ ಸುಲಿದಿದ್ದರೆ ಪೂರ್ತಿ 230 ಕೈಗೆ ತಗಲೀತು. ನಿಜವಾದ ಕಡಿಮೆ ವೋಲ್ಟೇಜಿನ ದೀಪದಲ್ಲಿ ಒಂದು ಟ್ರಾನ್ಸ್‌ಫಾರ್ಮರ್ 230 ಅನ್ನು 12ಕ್ಕೆ ಇಳಿಸಿ ಹೊರಗೆ ಕಳಿಸುತ್ತದೆ. ಗಿಡಕ್ಕೆ ನೀರು ಹಾಕುವಾಗ ತಂತಿ ತಾಕಿದರೂ ಸಾಮಾನ್ಯವಾಗಿ ಪ್ರಾಣಾಪಾಯವಿಲ್ಲ. ಆದರೆ ಟ್ರಾನ್ಸ್‌ಫಾರ್ಮರಿನ ಒಳಗೆ ಬರುವುದು 230 ತಾನೇ? ಅದು ಮಳೆ ತಾಗದ ಕಡೆ, ಮನೆಯೊಳಗೇ ಇರಬೇಕು.

ಇನ್ನು ತೊಂದರೆಗಳು. ಕರೆಂಟ್ ಬಿಲ್ಲು ಇಳಿಯುತ್ತದೆಂಬ ಆಸೆ ಬೇಡ. 60 ವ್ಯಾಟ್ ಎಂದರೆ ಎಲ್ಲಿದ್ದರೂ 60 ವ್ಯಾಟೇ. ಆ 60 ವ್ಯಾಟಿಗೆ 230 ವೋಲ್ಟಿನಲ್ಲಿ ಕಾಲು ಆಂಪಿಯರ್ ಸಾಕು, 12 ವೋಲ್ಟಿನಲ್ಲಿ 5 ಆಂಪಿಯರ್ ಹರಿಯಬೇಕು. ಹತ್ತು ಮೀಟರ್ ದೂರಕ್ಕೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ ದಾರಿಯಲ್ಲೇ ಒಂದು ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ. ಹನ್ನೆರಡರಲ್ಲಿ ಒಂದು ಹೋದರೆ ಕೊನೆಯ ದೀಪ ಮಂಕಾಗದೆ ಇನ್ನೇನು? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ವಿದ್ಯುತ್ ಕಳಿಸಿದಾಗ ಈ ನಷ್ಟ ತಪ್ಪಿಸಲೆಂದೇ ವೋಲ್ಟೇಜನ್ನು ಬಹಳ ಏರಿಸಿದ್ದರು. ನಾವು ಬಾಲ್ಕನಿಯಲ್ಲಿ ಮಾಡುವುದು ಅದರ ತಲೆಕೆಳಗು. ಆದ್ದರಿಂದ ತಂತಿ ದಪ್ಪಗಿರಲಿ, ದೂರ ಕಡಿಮೆಯಿರಲಿ. ಜೋಡಣೆ ಸಡಿಲವಾದರೆ 12 ವೋಲ್ಟೂ ಶಾಕ್ ಹೊಡೆಯದೆಯೇ ಬಿಸಿಯಾಗಿ ಸುಟ್ಟೀತು.

ಎಲ್ಇಡಿ ಬಂದಮೇಲೆ ಈ ಪಾಡು ಬಹಳ ತಗ್ಗಿದೆ. ಐದಾರು ದೀಪ ಸೇರಿದರೂ ಹತ್ತು ವ್ಯಾಟ್ ಆಗಬಹುದು, ಒಂದು ಆಂಪಿಯರೂ ಬೇಡ. ಹಳೆಯ ಹ್ಯಾಲೊಜನ್ ಟ್ರಾನ್ಸ್‌ಫಾರ್ಮರಿಗೇ ಎಲ್ಇಡಿ ಸಿಕ್ಕಿಸಿ ಉಳಿತಾಯ ಮಾಡಹೊರಟರೆ ಮಾತ್ರ ಅದು ಕಣ್ಣು ಮಿಟುಕಿಸುತ್ತ ಕೂರಬಹುದು. ನಾವೂ ಮಾಡಿ ನೋಡಿದ್ದೇವೆ!

ನಮ್ಮ ಟ್ರಾನ್ಸ್‌ಫಾರ್ಮರನ್ನು ಮೊದಲು ಚಪ್ಪಲಿ ಕಪಾಟಿನೊಳಗೆ ಮುಚ್ಚಿಟ್ಟಿದ್ದೆವು. ಗಾಳಿಯಾಡದೆ ಕಾದ ಕಾವಲಿಯಂತಾಯಿತು. ಈಗ ಹಾಲಿನ ತೆರೆದ ಶೆಲ್ಫಿನ ಮೇಲೆ ಕುಳಿತು ಸಣ್ಣಗೆ ಗುಂಯ್‌ಗುಡುತ್ತದೆ. ಬಂದವರು ದುಂಬಿ ಹೊಕ್ಕಿತೇ ಎಂದು ಕೇಳುತ್ತಾರೆ.